ವ್ಯಾನ್ ಓಡಿಸಿದವಳ ಕಡೆಯಿಂದ ಥ್ಯಾಂಕ್ಸ್

ಗೆಳೆಯರೇ, ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನ ನಮ್ಮ ಮಕ್ಕಳು ಹೈಸ್ಕೂಲು ಮುಗಿಸಿದರು. ಎಲ್ಲರೂ ಮುಗಿಸಿದರು. ಈ 2024ರ ಜೂನ್ ಹೀಗೆ ನಗುನಗುತ್ತಾ ಬರುತ್ತದೆ ಅಂತ ಫೆಬ್ರವರಿಯಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಹೋದ ನವೆಂಬರಿನ ರಾಜ್ಯೋತ್ಸವದ ಊಟದಲ್ಲಿ ನಾನು ಡಬ್ಬಿ ಹಿಡಿದು ನಿಂತಾಗ, ಏನು ಎತ್ತ ಅಂತ ಜಾಸ್ತಿ ಕೇಳದೆ ದುಡ್ಡು ಹಾಕಿದವರು ನೀವು. ಆ ದುಡ್ಡು ಎಲ್ಲಿಗೆ ಹೋಯಿತು, ಯಾರ ಕೈ ಹಿಡಿಯಿತು ಅಂತ ಹೇಳುವುದು ನನ್ನ ಕರ್ತವ್ಯ.

ಹೊಸಬರಿಗಾಗಿ ಎರಡು ಮಾತು. ನಾನು ಯುಸಿ ಸಾಂಟಾ ಕ್ರೂಜ್‌ನಲ್ಲಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಕ್ಯಾಂಪಸ್ಸಿನಲ್ಲಿ, ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲಿ ಬಿಎ, ಬಿಎಸ್‌ಸಿ ಓದುವ ಕೆಲವರು ಶನಿವಾರಗಳಂದು ವಾಟ್ಸನ್‌ವಿಲ್‌ಗೆ ಹೋಗಿ ಅಲ್ಲಿನ ಹೈಸ್ಕೂಲು ಮಕ್ಕಳ ಜೊತೆ ಕೂರುತ್ತಾರೆ. ಮಕ್ಕಳೆಲ್ಲ ಲ್ಯಾಟಿನೋಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು, ಹೆಚ್ಚಿನವರ ಮನೆಯವರು ಮೆಕ್ಸಿಕೋದಿಂದ ಬಂದವರು. ನೀವು ಅಂಗಡಿಯಲ್ಲಿ ಕೊಳ್ಳುವ ಸ್ಟ್ರಾಬೆರಿ ಡಬ್ಬಿಯನ್ನು ತಿರುಗಿಸಿ ನೋಡಿ, ಎಷ್ಟೋ ಸಲ ಈ ಊರಿನ ಹೆಸರೇ ಇರುತ್ತದೆ. ಆ ಹಣ್ಣು ಬಿಡಿಸುವವರ ಮಕ್ಕಳು ಇವರು. ಕಾಗದದ ಮೇಲೆ ಇದಕ್ಕೆ ಲೀಡರ್‌ಶಿಪ್ ತರಬೇತಿ ಅಂತ ಹೆಸರು. ನನ್ನ ಪಾಲಿನದು ವ್ಯಾನ್ ಓಡಿಸುವುದು, ಲೆಕ್ಕ ಬರೆಯುವುದು, ತಿಂಡಿ ತರುವುದು. ಅರ್ಧ ಗಂಟೆಯ ದಾರಿ, ಹೈವೇ ನಂಬರ್ 1ರ ಟ್ರಾಫಿಕ್ ಕರುಣೆ ತೋರಿಸಿದರೆ.

ಮೊದಲ ಕೃತಜ್ಞತೆ ಕಾಲೇಜು ಹುಡುಗ ಹುಡುಗಿಯರಿಗೆ. ಅವರಿಗೆ ಕನ್ನಡ ಬಾರದು, ಬೇರೆ ಪತ್ರ ಬರೆದು ಕೊಟ್ಟಿದ್ದೇನೆ. ಆದರೂ ನಿಮ್ಮ ಮುಂದೆ ಅವರನ್ನು ಹೊಗಳಬೇಕು. ಇನ್ನೂ ಹತ್ತೊಂಬತ್ತು, ಇಪ್ಪತ್ತರ ವಯಸ್ಸು. ಅವರಲ್ಲೂ ಬಹುತೇಕರು ಲ್ಯಾಟಿನೋಗಳು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ನಾನು ಹೋಗಿ "ಚೆನ್ನಾಗಿ ಓದಿ, ಕಾಲೇಜು ಸೇರಿ" ಅಂದರೆ ಮಕ್ಕಳು "ಆಯ್ತು ಮಿಸ್" ಅಂತ ತಲೆಯಾಡಿಸಿ ಸುಮ್ಮನಾಗುತ್ತಾರೆ. ಸಲಿನಾಸ್‌ನ ಲೆಟಿಸ್ ಹೊಲದಲ್ಲಿ ಅಮ್ಮ ದುಡಿಯುವ ಹುಡುಗ ಬಂದು, "ಕಾಲೇಜಿನ ಮೊದಲ ಟರ್ಮ್‌ನಲ್ಲೇ ಕ್ಯಾಲ್ಕುಲಸ್‌ನಲ್ಲಿ ಫೇಲಾದೆ, ಊರಿಗೆ ವಾಪಸ್ ಹೋಗೋಣ ಅನಿಸಿತ್ತು" ಅಂದಾಗ ಅದೇ ಮಕ್ಕಳು ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಅನುಭವಿಗಳು, ಪರಿಣತರು ಬಂದು ಭಾಷಣ ಮಾಡುವುದಕ್ಕಿಂತ, ಎರಡು ವರ್ಷದ ಹಿಂದೆ ಅದೇ ಬಾಗಿಲು ದಾಟಿದವರು ಪಕ್ಕದಲ್ಲಿ ಕೂರುವುದೇ ಮೇಲು. ಇದು ನನ್ನ ಗಟ್ಟಿ ಅಭಿಪ್ರಾಯ. ಪರಿಣತರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ನಾವು ದಾವಣಗೆರೆಯಲ್ಲಿ ಓದುವಾಗ ಲೀಡರ್ ಅಂದರೆ ಕ್ಲಾಸ್ ಮಾನಿಟರ್. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದೇ ಅವನ ಕೆಲಸ. ಇಲ್ಲಿ ನೋಡಿದರೆ ತದ್ವಿರುದ್ಧ. ಮಾತಾಡದವರನ್ನು ಮಾತಾಡಿಸಬೇಕು. ಪ್ರತಿ ಶನಿವಾರ ಸಭೆ ನಡೆಸುವವರು ಬೇರೆ ಬೇರೆ. ಒಮ್ಮೆ ಮಾತಾಡಿದವರು ಇನ್ನಿಬ್ಬರು ಮಾತಾಡುವ ತನಕ ಬಾಯಿ ಬಿಡುವ ಹಾಗಿಲ್ಲ. ಸುಮ್ನೆ ನೋಡಿದರೆ ಆಟದ ಹಾಗೆ ಕಾಣುತ್ತದೆ. ಆದರೆ ತಿಂಗಳುಗಟ್ಟಲೆ ಮೂಲೆಯಲ್ಲಿ ಫೋನ್ ಉಜ್ಜುತ್ತಾ ಕೂತಿದ್ದ ಹುಡುಗಿ ಒಂದು ದಿನ ಎದ್ದು, "ಇವತ್ತಿನ ಎರಡನೇ ವಿಷಯ ಇನ್ನೂ ಮುಗಿದಿಲ್ಲ" ಅಂತ ಎಲ್ಲರನ್ನೂ ಕೂರಿಸಿದಳು. ಅವಳು ಮನೆಯಲ್ಲಿ ಮೊದಲಿಂದಲೂ ಅದನ್ನೇ ಮಾಡುತ್ತಿದ್ದಳು. ಆಸ್ಪತ್ರೆ, ಬ್ಯಾಂಕು, ತಮ್ಮನ ಶಾಲೆ, ಎಲ್ಲ ಕಡೆ ಅಪ್ಪ ಅಮ್ಮನ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡಿದವಳು ಅವಳೇ. ಅದೂ ಒಂದು ಯೋಗ್ಯತೆ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ, ಅಷ್ಟೇ.

ಈ ಪದ್ಧತಿ ನಮ್ಮ ಹುಡುಗರ ಶೋಧನೆಯೇನಲ್ಲ. 1963ರಲ್ಲಿ ಮಾಲಿಬುವಿನ ಒಂದು ಕ್ಯಾಂಪಿನಲ್ಲಿ ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಅಮೆರಿಕನ್ ಹೈಸ್ಕೂಲು ಮಕ್ಕಳಿಗೆ ನಾಯಕತ್ವ ಶಿಬಿರ ಶುರುವಾಯಿತು. ಕಾಲೇಜು ಓದುವವರೇ ಅವರಿಗೆ ಮಾರ್ಗದರ್ಶಕರು. ಸಾಲ್ ಕ್ಯಾಸ್ಟ್ರೋ ಎಂಬ ಮೇಷ್ಟ್ರು ಅದರ ಜೀವಾಳವಾಗಿದ್ದರು. 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಸಾವಿರಾರು ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದರಲ್ಲ, ನಮ್ಮ ಚರಿತ್ರೆ ಪಾಠದಲ್ಲಿ ಬೇಕು, ನಮ್ಮವರೂ ಮೇಷ್ಟ್ರಾಗಬೇಕು ಅಂತ, ಅವರಲ್ಲಿ ಆ ಶಿಬಿರದಲ್ಲಿ ಪಳಗಿದವರೂ ಇದ್ದರು. ಸೋಷಿಯಾಲಜಿ ಓದುವ ನಮ್ಮ ಹುಡುಗಿ ಈ ಕಥೆ ಹೇಳಿದ ದಿನ ಪಿಜ್ಜಾ ತಣ್ಣಗಾದರೂ ಯಾರೂ ಮುಟ್ಟಲಿಲ್ಲ. ಹದಿನೇಳರ ಹುಡುಗರು ಪಿಜ್ಜಾ ಮರೆತರೆ ಅದು ಸಣ್ಣ ವಿಷಯವಲ್ಲ.

ಈ ತಂಡ ಹನ್ನೊಂದನೇ ತರಗತಿಯಲ್ಲಿದ್ದಾಗ, 2023ರ ಮಾರ್ಚ್‌ನಲ್ಲಿ, ವಾಟ್ಸನ್‌ವಿಲ್‌ ಪಕ್ಕದ ಪಹಾರೊ ನದಿಯ ಒಡ್ಡು ಒಡೆಯಿತು. 1949ರಲ್ಲಿ ಕಟ್ಟಿದ ಒಡ್ಡು ಅದು. 1995ರಲ್ಲೂ ಒಡೆದಿತ್ತು. ಹೊಳೆಯಾಚೆಯ ಪಹಾರೊ ಊರು ರಾತ್ರೋರಾತ್ರಿ ಖಾಲಿಯಾಯಿತು. ನಮ್ಮ ಕೆಲವು ಮಕ್ಕಳ ಮನೆಗಳಿಗೂ ನೀರು ನುಗ್ಗಿತು. ಹೊಲ ಮುಳುಗಿ ಅಪ್ಪ ಅಮ್ಮಂದಿರ ಕೂಲಿಯೂ ಹೋಯಿತು. ಆಮೇಲೆ ರಾಜ್ಯ ಸರ್ಕಾರ ಪಹಾರೊ ಊರಿಗೆ 2 ಕೋಟಿ ಡಾಲರ್ ಕೊಟ್ಟಿತು. ಹೇಗೆ ಹಂಚುತ್ತಾರೆ ಅಂತ ಕೇಳಬೇಕು ಅಂತ ಮಕ್ಕಳು ಹೊರಟರು. ಯಾರನ್ನು ಕೇಳುವುದು? ವಾಟ್ಸನ್‌ವಿಲ್‌ಗೆ ನಗರ ಸಭೆ ಇದೆ. ಸೇತುವೆ ದಾಟಿದರೆ ಸಿಗುವ ಪಹಾರೊಗೆ ಇಲ್ಲ, ಅದು ಬೇರೆ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಅಲ್ಲಿಗೆ ಕೌಂಟಿಯ ಮಂಡಳಿಯೇ ಸರ್ಕಾರ. ಇಷ್ಟು ತಿಳಿಯಲು ಒಂದು ಇಡೀ ಶನಿವಾರ ಹಿಡಿಯಿತು, ಮತ್ತು ನನ್ನ ಮಟ್ಟಿಗೆ ಅದೇ ಆ ವರ್ಷದ ದೊಡ್ಡ ಪಾಠ. ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯಿದೆ ಪ್ರಕಾರ ಇಂಥ ಸಭೆಗಳಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು. ಕೊಡುವುದು ಒಂದೆರಡು ನಿಮಿಷ. ಆ ಒಂದೆರಡು ನಿಮಿಷಕ್ಕೆ ಮಕ್ಕಳು ವ್ಯಾನಿನಲ್ಲಿ ಗಡಿಯಾರ ಹಿಡಿದು ಅಭ್ಯಾಸ ಮಾಡಿದರು. ನನಗೆ ಅವರ ಭಾಷಣಗಳು ಬಾಯಿಪಾಠವಾಗಿವೆ.

ಇನ್ನು ಈ ವರ್ಷದ ಕಷ್ಟ. ಇಲ್ಲಿ ಕಾಲೇಜಿಗೆ ಸರ್ಕಾರದ ಹಣಸಹಾಯ ಬೇಕೆಂದರೆ ಫಾಫ್ಸಾ ಎಂಬ ಅರ್ಜಿ ತುಂಬಬೇಕು. ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ತೆರೆಯುತ್ತದೆ. ಈ ಸಲ ಹೊಸ ನಮೂನೆ ಮಾಡುತ್ತೇವೆ ಅಂತ ಡಿಸೆಂಬರ್ ಕೊನೆಗೆ ತೆರೆದರು. ತೆರೆದರೂ ಅಪ್ಪನಿಗೋ ಅಮ್ಮನಿಗೋ ಸೋಷಿಯಲ್ ಸೆಕ್ಯುರಿಟಿ ನಂಬರ್ ಎಂಬ ಸರ್ಕಾರಿ ಗುರುತಿನ ಸಂಖ್ಯೆ ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುತ್ತಲೇ ಇರಲಿಲ್ಲ. ಕಾಗದಪತ್ರವಿಲ್ಲದೆ ಈ ದೇಶದಲ್ಲಿರುವವರಿಗೆ ಅದು ಸಿಗುವುದಿಲ್ಲ. ಮಕ್ಕಳು ಇಲ್ಲೇ ಹುಟ್ಟಿದವರು, ಸಹಾಯಕ್ಕೆ ಪೂರ್ತಿ ಹಕ್ಕಿರುವವರು. ಆದರೂ ಪರದೆಯ ಮೇಲೆ ಅದೇ ಕೆಂಪಕ್ಷರ. ಮಾರ್ಚ್ ಬರುವ ತನಕ ಇದೇ ಗೋಳು, ದೇಶದ ತುಂಬಾ. ಸೀಟು ಸಿಕ್ಕಿದೆ, ಎಷ್ಟು ದುಡ್ಡು ಕಟ್ಟಬೇಕು ಅಂತ ಗೊತ್ತಿಲ್ಲ. ಸೇರುತ್ತೇನೆ ಅಂತ ಹೇಗೆ ಹೇಳುವುದು?

ಕಾಲೇಜು ಹುಡುಗರದ್ದೂ ಅದೇ ಅರ್ಜಿ, ಅದೇ ಪರದಾಟ. ಮುಂದಿನ ವರ್ಷದ ಸಹಾಯಕ್ಕೆ ಅವರೂ ತುಂಬಬೇಕಲ್ಲ. ತಮ್ಮದನ್ನು ಪಕ್ಕಕ್ಕಿಟ್ಟು, ಶನಿವಾರ ಬಿಟ್ಟು ವಾರದ ಸಂಜೆಗಳಲ್ಲೂ ಬಂದರು. ಸಹಾಯವಾಣಿಗೆ ಫೋನ್ ಹಚ್ಚಿ ಸ್ಪೀಕರ್‌ನಲ್ಲಿಟ್ಟು, ಅದರ ಸಂಗೀತ ಕೇಳುತ್ತಲೇ ಹೋಮ್‌ವರ್ಕ್ ಮಾಡಿದರು. ಅದಕ್ಕಿಂತ ನನಗೆ ಮೆಚ್ಚುಗೆಯಾಗಿದ್ದು ಬೇರೆ. ಒಬ್ಬ ತಂದೆ, "ನನ್ನ ಹೆಸರು, ವಿಳಾಸ ಇದರಲ್ಲಿ ಬರೆದರೆ ನಾಳೆ ಯಾರಾದರೂ ಮನೆ ಹುಡುಕಿಕೊಂಡು ಬರುತ್ತಾರಾ?" ಅಂತ ಕೇಳಿದರು. ಧೈರ್ಯ ತುಂಬುವುದು ಸುಲಭ. "ಏನೂ ಆಗಲ್ಲ ಬಿಡಿ" ಅಂದರೆ ಮುಗಿಯಿತು. ನಮ್ಮ ಹುಡುಗ ಹಾಗೆ ಅನ್ನಲಿಲ್ಲ. ಅರ್ಜಿ ಏನೇನು ಕೇಳುತ್ತದೆ ಅಂತ ಸ್ಪ್ಯಾನಿಷ್‌ನಲ್ಲಿ ಒಂದೊಂದಾಗಿ ಓದಿ ಹೇಳಿದ. ಮುಂದೆ ಏನಾಗುತ್ತದೆ ಅಂತ ತಾನು ಮಾತು ಕೊಡಲಾರೆ ಅಂದ. ಡ್ರೀಮ್ ಆಕ್ಟ್ ಅರ್ಜಿ ಅಂತ ರಾಜ್ಯದ್ದೇ ಬೇರೆ ಒಂದಿದೆ, ಇಂಥ ಮನೆಯ ಮಕ್ಕಳು ಈ ವರ್ಷ ಅದನ್ನೂ ಹಾಕಬಹುದು ಅಂತ ತೋರಿಸಿದ. ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ ಅಂದ. ಅವರು ಹೆಂಡತಿಯನ್ನು ಕರೆದುಕೊಂಡು ವಾಪಸ್ ಬಂದರು.

ಆಮೇಲೆ ಆಗಿದ್ದನ್ನು ನಾವ್ಯಾರೂ ಯೋಜಿಸಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಹೈಸ್ಕೂಲು ಮಕ್ಕಳು ಶಾಲೆಯ ಊಟದ ಹಾಲಿನಲ್ಲಿ ತಾವೇ ಒಂದು ಮೇಜು ಹಾಕಿ, ಕೈಬರಹದ ಬೋರ್ಡ್ ತಗುಲಿಸಿ ಕೂತರು. ಫಾಫ್ಸಾ ಸಿಕ್ಕಿಹಾಕಿಕೊಂಡವರು ಇಲ್ಲಿ ಬನ್ನಿ ಅಂತ. ತಮ್ಮ ಅರ್ಜಿಯಲ್ಲಿ ಎಡವಿ ಎಡವಿ ಕಲಿತಿದ್ದನ್ನು ಬೇರೆಯವರಿಗೆ ಹೇಳಿಕೊಟ್ಟರು. ದಕ್ಷಿಣ ಮೆಕ್ಸಿಕೋದ ಒವಾಹಾಕಾ ಕಡೆಯ ಕೆಲವು ಮನೆಗಳಲ್ಲಿ ಸ್ಪ್ಯಾನಿಷ್‌ಗಿಂತ ಅಲ್ಲಿನ ಮೂಲನಿವಾಸಿಗಳ ಮಿಷ್ಟೆಕೊ ಭಾಷೆಯೇ ಜಾಸ್ತಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡಿ ಬೆಳೆದ ನಿಮಗೆ ಇದನ್ನು ವಿವರಿಸಬೇಕಿಲ್ಲ, ಅಲ್ವಾ? ಆ ಮನೆಗಳ ತಾಯಂದಿರಿಗೆ ಹೇಳಲು ಅದೇ ಫೋನ್ ಉಜ್ಜುವ ಹುಡುಗಿ ಸಂಜೆ ಮನೆಮನೆಗೆ ಹೋದಳು. ರಾಜ್ಯವು ಸಹಾಯದ ಗಡುವನ್ನು ಮೇ 2ಕ್ಕೆ, ಯುಸಿಯವರು ಸೇರುವ ಗಡುವನ್ನು ಮೇ 15ಕ್ಕೆ ಮುಂದೂಡಿದ್ದರಿಂದ ಉಸಿರಾಡಲು ಜಾಗ ಸಿಕ್ಕಿತು.

ಈಗ ಕೆಲವರು ಯುಸಿಗಳಿಗೆ ಹೊರಟಿದ್ದಾರೆ. ಕೆಲವರು ಪಕ್ಕದ ಕ್ಯಾಬ್ರಿಯೊ ಕಾಲೇಜಿನಲ್ಲಿ ಎರಡು ವರ್ಷ ಓದಿ ಆಮೇಲೆ ನೋಡುತ್ತಾರೆ. ಒಬ್ಬ ಈ ವರ್ಷ ಅಪ್ಪನ ಜೊತೆ ದುಡಿಯುತ್ತೇನೆ, ಮನೆ ಸಾಲ ತೀರಲಿ ಅಂದ. ಅವನನ್ನೂ ಎಲ್ಲರ ಜೊತೆ ನಿಲ್ಲಿಸಿಯೇ ಫೋಟೋ ತೆಗೆದೆವು.

ಆ ಶಾಲೆಯ ಕೌನ್ಸೆಲರ್ ಅಮ್ಮನಿಗೆ ನಮಸ್ಕಾರ. ನೂರಾರು ಮಕ್ಕಳನ್ನು ಒಬ್ಬರೇ ನೋಡಿಕೊಂಡೂ ನಮಗೆ ಕೋಣೆಯ ಕೀಲಿ ಕೊಟ್ಟವರು. ತಮಾಲೆ (ಜೋಳದ ಹಿಟ್ಟಿನ ಮೆಕ್ಸಿಕನ್ ಕಡುಬು) ಕಟ್ಟಿ ಕಳಿಸಿದ ತಾಯಂದಿರಿಗೆ ನಮಸ್ಕಾರ. ಅದರ ಬದಲಿಗೆ ನಾನು ಒಯ್ದ ಚಿತ್ರಾನ್ನಕ್ಕೆ ಮಕ್ಕಳು ಮೇಲಿಂದ ಹಾಟ್ ಸಾಸ್ ಸುರಿದುಕೊಂಡು ತಿಂದರು. ನನ್ನ ಅಮ್ಮನಿಗೆ ಯಾರೂ ಹೇಳಬೇಡಿ.

ನಿಮ್ಮ ದುಡ್ಡಿನಲ್ಲಿ ಬಸ್ಸು ಮಾಡಿ ಅಪ್ಪ ಅಮ್ಮಂದಿರನ್ನು ಕ್ಯಾಂಪಸ್ಸಿಗೆ ಕರೆತಂದೆವು. ಇಷ್ಟು ವರ್ಷ ಇಲ್ಲೇ ಇದ್ದರೂ ಕ್ಯಾಂಪಸ್ ಇರುವ ಆ ಗುಡ್ಡವನ್ನು ಒಮ್ಮೆಯೂ ಏರದವರೇ ಹೆಚ್ಚು. ರೆಡ್‌ವುಡ್ ಮರಗಳ ನಡುವೆ ಹಾಸ್ಟೆಲ್ ಕೋಣೆ ನೋಡಿ ಒಬ್ಬ ತಾಯಿ ಮೊದಲು ಕೇಳಿದ್ದು, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ ಅಂತ. ಇದೆ ಅಂತ ಹಾಕಿ ತೋರಿಸಿದೆವು.

ಊಟಕ್ಕೆ, ಬಸ್ಸಿಗೆ, ಅರ್ಜಿ ಶುಲ್ಕಕ್ಕೆ ಖರ್ಚಾಗಿ ಇನ್ನೂ ಸ್ವಲ್ಪ ಉಳಿದಿದೆ. ಲೆಕ್ಕದ ಹಾಳೆ ಕೇಳಿದವರಿಗೆ ಕಳಿಸುತ್ತೇನೆ. ಹೊಸ ತಂಡ ಸೆಪ್ಟೆಂಬರ್‌ಗೆ ಬರುತ್ತದೆ. ನನಗೆ ಥೀಸಿಸ್ ಬರೆಯುವುದಿದೆ, ಹಾಗಾಗಿ ವ್ಯಾನಿಗೆ ಇನ್ನೊಬ್ಬ ಡ್ರೈವರ್ ಬೇಕು. ಶನಿವಾರ ಬೆಳಿಗ್ಗೆ ಏಳಕ್ಕೆ ಎದ್ದು ಬರುವವರಿದ್ದರೆ ತಿಳಿಸಿ. ತಿಂಡಿ ನಮ್ಮದು.