ಖಾಸಗಿ ಮಸೂದೆಗೂ ಒಂದು ದಿನ ಕೊಡಿ

ಮಾನ್ಯರೇ,

ಅಧಿವೇಶನ ಮುಗಿದ ಮೇಲೆ ಶಾಸಕರನ್ನು ‘ಎಷ್ಟು ಅನುದಾನ ತಂದಿರಿ’ ಎಂದು ಕೇಳುತ್ತೇವೆ. ‘ಯಾವ ಮಸೂದೆ ಮಂಡಿಸಿದಿರಿ’ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಸಚಿವರಲ್ಲದ ಸದಸ್ಯರಿಗೂ ಆ ಹಕ್ಕಿದೆ. ಖಾಸಗಿ ಮಸೂದೆ ಎಂದರೆ ಅದೇ. ಅದಕ್ಕೆ ಒದಗಿರುವ ಗತಿ ನೋಡಿ: ಸಂಸತ್ತಿನಲ್ಲಿ ಈವರೆಗೆ ಕಾಯ್ದೆಯಾದ ಖಾಸಗಿ ಮಸೂದೆಗಳು ಕೇವಲ 14, ಕೊನೆಯದು 1970ರಲ್ಲಿ. ಲೋಕಸಭೆಯಲ್ಲಿ ಇವುಗಳ ಪಾಲಿಗೆ ಬರುವುದು ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ಆ ಹೊತ್ತಿಗೆ ಬಹಳ ಮಂದಿಯ ಮನಸ್ಸು ಊರಿನ ದಾರಿ ಹಿಡಿದಿರುತ್ತದೆ!

ರಾಜ್ಯಗಳಲ್ಲಿ ಇನ್ನೊಂದು ತೊಡಕು. ರಾಜ್ಯದ ಮುಖ್ಯ ಖಜಾನೆಯಾದ ಸಂಚಿತ ನಿಧಿಯಿಂದ ವೆಚ್ಚ ಬೇಡುವ ಮಸೂದೆಯನ್ನು ಸದನ ಅಂಗೀಕರಿಸಬೇಕಾದರೆ ಸಂವಿಧಾನದ 207ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸು ಬೇಕು. ರಾಜ್ಯಪಾಲರು ನಡೆಯುವುದು ಸರ್ಕಾರದ ಸಲಹೆಯಂತೆ; ಸರ್ಕಾರಕ್ಕೆ ಮನಸ್ಸಿಲ್ಲದಿದ್ದರೆ ಕಡತ ಅಲ್ಲೇ ನಿಂತಿತು.

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಶಾಸನಸಭೆಯಲ್ಲಿರುವುದು 49 ಸದಸ್ಯರು. ಅಲ್ಲಿ ಮಂಡನೆಯಾದ ಪ್ರತಿ ಮಸೂದೆಗೂ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಜನಸಾಮಾನ್ಯರು ಸಮಿತಿಯ ಎದುರು ಕುಳಿತು ಪರ ವಿರೋಧ ಹೇಳಬಹುದು. ನಮ್ಮಲ್ಲಿ ಸರ್ಕಾರಿ ಮಸೂದೆಗಳೇ ಎಷ್ಟೋ ಸಲ ಗದ್ದಲದ ನಡುವೆ ಧ್ವನಿಮತದಲ್ಲಿ ದಡ ಸೇರುತ್ತವೆ.

ಪ್ರತಿ ಅಧಿವೇಶನದಲ್ಲಿ ಒಂದು ಪೂರ್ಣ ದಿನವನ್ನು ಖಾಸಗಿ ಮಸೂದೆಗಳ ಚರ್ಚೆಗೇ ಮೀಸಲಿಡಲಿ. ಯಾರು ಯಾವ ಮಸೂದೆ ತಂದರು ಎಂಬುದನ್ನು ತಮ್ಮ ಪತ್ರಿಕೆಯೂ ಒಂದು ಕಾಲಂನಲ್ಲಿ ಪ್ರಕಟಿಸಲಿ.

– ಒಬ್ಬ ಮತದಾರ