ಐದನೇ ಓಟಕ್ಕೆ ದುಡ್ಡಿಟ್ಟುಕೋ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ರೇಸಿಗೆ ಇಳಿಯಲು ಕೊಳ್ಳುತ್ತೇನೆ ಅಂತ ನೀನು ಕಳಿಸಿದ ಹಳೇ ಮಾರುತಿ ಎಸ್ಟೀಮ್ ಕಾರಿನ ಫೋಟೋಗಳನ್ನು ನೋಡಿದೆ. ಬಣ್ಣ ಚೆನ್ನಾಗಿದೆ. ಆದರೆ ಈ ಪತ್ರ ಓದಿ ಮುಗಿಸುವ ತನಕ ಅಡ್ವಾನ್ಸ್ ಕೊಡಬೇಡ.

ರೇಸ್ ಬೇಡ ಅನ್ನುವುದಕ್ಕೆ ಬರೆಯುತ್ತಿಲ್ಲ. ನಿನ್ನ ಅಮ್ಮ ನನ್ನಿಂದ ಅದನ್ನೇ ಹೇಳಿಸಬೇಕು ಅಂತಿದ್ದಳು, ನಾನು ಒಪ್ಪಲಿಲ್ಲ. ಗ್ಯಾರೇಜ್ ಇಟ್ಟುಕೊಂಡು, ಗೆಳೆಯರ ರ‍್ಯಾಲಿ ಕಾರುಗಳಿಗೆ ಸರ್ವಿಸ್ ಕ್ರೂ ಆಗಿ ರಾತ್ರಿಯೆಲ್ಲ ಗೇರ್ ಬಾಕ್ಸ್ ಇಳಿಸಿ ಏರಿಸಿದವನು ನಾನು. ಈ ಆಟ ಎಷ್ಟು ಚೆಂದ ಅಂತ ನನಗೆ ಗೊತ್ತು. ಅದಕ್ಕೇ ನೀನು ಒಂದು ಓಟಕ್ಕೆ ಬಂದು ಹೋಗುವವಳಾಗಬಾರದು, ಇದರಲ್ಲಿ ಉಳಿಯಬೇಕು ಅನ್ನುವ ಆಸೆ ನನಗೆ.

ಕೂಡಿಟ್ಟ ಹಣವನ್ನೆಲ್ಲ ಕಾರಿಗೆ ಹಾಕುತ್ತೇನೆ ಅಂತ ಬರೆದಿದ್ದೀಯ. ಹಾಗೆ ಮಾಡಿದ ಹುಡುಗರನ್ನು ಜಾಸ್ತಿಯೇ ನೋಡಿದ್ದೇನೆ. ಕಾರು ಕೊಳ್ಳುತ್ತಾರೆ, ಫ್ರೀ ಫ್ಲೋ ಎಕ್ಸಾಸ್ಟ್ ಹಾಕಿಸುತ್ತಾರೆ, ಸ್ಟಿಕ್ಕರ್ ಅಂಟಿಸುತ್ತಾರೆ, ಒಂದು ಆಟೋಕ್ರಾಸ್, ಅಂದರೆ ಬಯಲಿನಲ್ಲಿ ಗಡಿಯಾರದ ಎದುರು ಓಡುವ ಓಟ, ಓಡುತ್ತಾರೆ. ಅಲ್ಲಿ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಮುರಿಯುತ್ತದೆ. ಎರಡನೆಯದಕ್ಕೆ ಎಂಟ್ರಿ ಫೀಸ್ ಕಟ್ಟಲು ದುಡ್ಡಿರುವುದಿಲ್ಲ. ಕಾರು ಮನೆಯ ಹಿಂದೆ ನಿಂತು ಅದರ ಮೇಲೆ ಪಾಚಿ ಬೆಳೆಯುತ್ತದೆ. ಮೊದಲ ಓಟದಲ್ಲಿ ಯಾರೂ ಏನೂ ಕಲಿಯುವುದಿಲ್ಲ ಪುಟ್ಟಿ. ಎದೆ ಬಡಿತದಲ್ಲಿ ಯಾವ ತಿರುವು ಎಲ್ಲಿ ಬಂತು ಅನ್ನುವುದೂ ನೆನಪಿರುವುದಿಲ್ಲ. ನಾಲ್ಕನೆಯದೋ ಐದನೆಯದೋ ಹೊತ್ತಿಗೆ ಕಣ್ಣು ತಿಳಿಯಾಗುತ್ತದೆ. ಬ್ರೇಕ್ ಎಲ್ಲಿ ಬಿಡಬೇಕು, ಕಾರಿನ ತೂಕ ಯಾವ ಚಕ್ರದ ಮೇಲೆ ಕೂತಿದೆ ಅಂತ ಗೊತ್ತಾಗತೊಡಗುತ್ತದೆ. ಆ ಐದನೇ ಓಟದವರೆಗೆ ಹೋಗಲು ಬೇಕಾದ ದುಡ್ಡನ್ನು ಮೊದಲು ತೆಗೆದಿಡು. ಉಳಿದದ್ದರಲ್ಲಿ ಯಾವ ಕಾರು ಬರುತ್ತದೋ ಅದೇ ನಿನ್ನ ಕಾರು. ನನ್ನ ಲೆಕ್ಕದಲ್ಲಿ, ನಿನ್ನ ಹತ್ತಿರ ಇರುವ ಹಣದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಾರಿಗೆ ಹೋಗಬಾರದು. ಸಾಲ ಮಾಡಿ ಮಾತ್ರ ಇಳಿಯಬೇಡ. ಸೋಮವಾರ ಆಫೀಸಿಗೆ ಹೋಗಲು ಬೇಕಾದ ಕಾರನ್ನು ಭಾನುವಾರ ರೇಸಿಗೆ ಒಯ್ಯಬೇಡ.

ಇನ್ನೊಂದು ಮಾತು ನಿನಗೆ ಹಿಡಿಸದೆ ಇರಬಹುದು. ಮೊದಲ ವರ್ಷ ಕಾರೇ ಬೇಡ.

ಚಿಕ್ಕಮಗಳೂರು ನಮಗೆಷ್ಟು ದೂರ? ಅಲ್ಲಿನ ಕಾಫಿ ತೋಟದ ರಸ್ತೆಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ನಡೆಯುತ್ತಾ ಬಂದಿವೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯೂ ಅಲ್ಲಿಗೆ ಬಂದಿತ್ತು. ಇಂಥ ಪ್ರತಿ ರ‍್ಯಾಲಿಗೂ ದಾರಿಯಲ್ಲಿ ನಿಂತು ಬಾವುಟ ತೋರಿಸುವ ಮಾರ್ಷಲ್‌ಗಳು ಬೇಕು. ಸಂಘಟಕರ ಕ್ಲಬ್‌ಗೆ ಫೋನ್ ಮಾಡಿ ಬರುತ್ತೇನೆ ಅನ್ನು. ಊಟ ಕೊಡುತ್ತಾರೆ, ಕೆಲಸ ಹೇಳಿಕೊಡುತ್ತಾರೆ. ದಿನವಿಡೀ ಒಂದು ತಿರುವಿನಲ್ಲಿ ನಿಂತರೆ ಸಾಕು. ಗೆಲ್ಲುವವನು ಆ ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಿಂದ ಹೊರಗೆ ಎಷ್ಟು ಬೇಗ ಎಳೆಯುತ್ತಾನೆ, ಸೋಲುವವನು ಹೇಗೆ ಒಳಗೆ ನುಗ್ಗಿ ಅಲ್ಲೇ ಜಾರುತ್ತಾನೆ ಅಂತ ಕಣ್ಣಾರೆ ಕಾಣುತ್ತದೆ. ಬಾವುಟಗಳ ಅರ್ಥವೂ ತಲೆಯಲ್ಲಿ ಕೂರುತ್ತದೆ. ಹಳದಿ ಅಂದರೆ ಮುಂದೆ ಅಪಾಯ, ಕೆಂಪು ಅಂದರೆ ಓಟ ನಿಂತಿತು. ಹಳದಿಯ ಮೇಲೆ ಕೆಂಪು ಗೆರೆ ಇದ್ದರೆ ನೆಲ ಜಾರುತ್ತಿದೆ ಅಂತ.

ಆಮೇಲೆ ಟಿಎಸ್‌ಡಿ ರ‍್ಯಾಲಿ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಇದರಲ್ಲಿ ಕಾರನ್ನು ಓಡಿಸಿ ಗೆಲ್ಲುವುದಲ್ಲ, ಹೇಳಿದ ಸರಾಸರಿ ವೇಗದಲ್ಲಿ ಹೇಳಿದ ಹೊತ್ತಿಗೆ ತಲುಪಿ ಗೆಲ್ಲುವುದು. ಮುಂಚೆ ಹೋದರೂ ದಂಡ, ತಡವಾದರೂ ದಂಡ. ಸಾಮಾನ್ಯವಾಗಿ ಮುಂಚೆ ಹೋದವರಿಗೇ ಜಾಸ್ತಿ. ಮನೆಯ ಕಾರೇ ಸಾಕು, ರೋಲ್ ಕೇಜ್, ಅಂದರೆ ಕಾರು ಉರುಳಿದರೆ ಕಾಯುವ ಉಕ್ಕಿನ ಚೌಕಟ್ಟು, ಬೇಡ. ನೀನು ದಾರಿ, ಲೆಕ್ಕ ಹೇಳುವ ನ್ಯಾವಿಗೇಟರ್ ಆಗಿ ಎಡ ಸೀಟಿನಲ್ಲಿ ಕೂರು. ಲೆಕ್ಕದಲ್ಲಿ ನೀನು ಚುರುಕು. ಗಂಟೆಗೆ 36 ಕಿ.ಮೀ. ಅಂದರೆ ಒಂದು ಕಿಲೋಮೀಟರಿಗೆ ಸರಿಯಾಗಿ 100 ಸೆಕೆಂಡ್. 40 ಅಂದರೆ 90 ಸೆಕೆಂಡ್. 30 ಅಂದರೆ 120. ಹೀಗೆ ಕೋಷ್ಟಕ ಬರೆದುಕೊಂಡು, ಸಂಘಟಕರು ಅಳೆದ ದೂರಕ್ಕೂ ನಿಮ್ಮ ಕಾರಿನ ಮೀಟರ್ ತೋರಿಸುವ ದೂರಕ್ಕೂ ಇರುವ ವ್ಯತ್ಯಾಸವನ್ನು ಮೊದಲ ಕೆಲವು ಕಿಲೋಮೀಟರಿನಲ್ಲೇ ಹಿಡಿದುಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ಟೈರಿನ ಗಾಳಿ ಇಳಿದರೂ ಆ ಲೆಕ್ಕ ತಪ್ಪುತ್ತದೆ, ನೆನಪಿರಲಿ. ಕೊಪ್ಪ, ಬಾಳೆಹೊನ್ನೂರು ಕಡೆಯ ಅಂಕುಡೊಂಕು ದಾರಿಯಲ್ಲಿ ತಲೆ ಬಗ್ಗಿಸಿ ದಾರಿ ಬರೆದಿರುವ ರೋಡ್ ಬುಕ್ ಓದುತ್ತಾ ವಾಂತಿ ಬಾರದಂತೆ ಕೂರುವುದೇ ಒಂದು ವಿದ್ಯೆ. ಎಡ ಸೀಟು ಅಂದರೆ ಕಡಿಮೆ ಅಂತ ತಿಳಿಯಬೇಡ. ರ‍್ಯಾಲಿ ಚಾಲಕ ಗೌರವ್ ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಮೋಟಾರ್ ಕ್ರೀಡೆಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅವರು ಗೆದ್ದ ಎಷ್ಟೋ ರ‍್ಯಾಲಿಗಳಲ್ಲಿ ಪಕ್ಕದಲ್ಲಿ ಕೂತು ದಾರಿ ಓದಿದವರು ಮೂಸಾ ಶರೀಫ್.

ಟ್ರ್ಯಾಕ್ ರೇಸಿಂಗ್ ಆಸೆಯನ್ನು ಸದ್ಯಕ್ಕೆ ಪಕ್ಕಕ್ಕಿಡು ಅನ್ನುತ್ತೇನೆ. ನಮಗೆ ಹತ್ತಿರದ ಟ್ರ್ಯಾಕ್‌ಗಳಿರುವುದು ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈಯಲ್ಲಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ. ಶಿವಮೊಗ್ಗದಿಂದ ಬೆಂಗಳೂರೇ ಸುಮಾರು 300 ಕಿ.ಮೀ., ಅಲ್ಲಿಂದ ಮತ್ತೆ ಅಷ್ಟೇ ಅಥವಾ ಇನ್ನೂ ಜಾಸ್ತಿ. ಕಾರನ್ನು ಟ್ರಕ್ಕಿನ ಮೇಲೆ ಸಾಗಿಸುವ ಖರ್ಚಿನಲ್ಲೇ ನಿನ್ನ ವರ್ಷದ ಬಜೆಟ್ ಕರಗುತ್ತದೆ. ಬೆಂಗಳೂರಿಗೆ ಹೋದಾಗ ಗೋ-ಕಾರ್ಟ್ ಓಡಿಸು, ಅದು ಒಳ್ಳೆಯ ಪಾಠ. ಉಳಿದಂತೆ ನಮ್ಮ ಕಡೆಯವರಿಗೆ ಮಣ್ಣೇ ಸರಿ. ಆಟೋಕ್ರಾಸ್‌ನಲ್ಲಿ ಒಂದು ಬಯಲಿನಲ್ಲಿ ಕೋನ್ ಇಟ್ಟು ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದು ಕಾರು, ಎದುರಾಳಿ ಗಡಿಯಾರ. ಕೋನ್ ತಾಗಿದರೆ ದಂಡದ ಸೆಕೆಂಡು. ಎಂಜಿನ್ ಸಿಸಿ ನೋಡಿ ವಿಭಾಗ ಮಾಡುತ್ತಾರೆ. ಹೆಂಗಸರಿಗೆ ಬೇರೆ ಬಹುಮಾನ ಇಡುವುದೂ ಉಂಟು. ಇರಲಿ, ಆದರೆ ನೀನು ಓಪನ್ ವಿಭಾಗಕ್ಕೂ ಹೆಸರು ಕೊಡು. ಗಡಿಯಾರಕ್ಕೆ ಗಂಡು ಹೆಣ್ಣು ಅಂತ ಇಲ್ಲ.

ಹೆಸರು ಕೊಡುವ ಮೊದಲು ಆ ಸ್ಪರ್ಧೆಯ ಸಪ್ಲಿಮೆಂಟರಿ ರೆಗ್ಯುಲೇಷನ್ ತರಿಸಿಕೊಂಡು ಓದು. ಯಾವ ಟೈರ್ ನಡೆಯುತ್ತದೆ, ಎಂಜಿನ್ನಿಗೆ ಏನು ಮಾಡಬಹುದು, ಯಾವ ಸುರಕ್ಷತಾ ಸಾಮಾನು ಕಡ್ಡಾಯ, ಎಲ್ಲ ಅದರಲ್ಲಿರುತ್ತದೆ. ಸ್ಪರ್ಧೆಗೆ ದೇಶದ ಮೋಟಾರ್ ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐಯ ಅನುಮತಿ ಇದೆಯಾ ಅಂತಲೂ ನೋಡು. ಇಲ್ಲದಿದ್ದರೆ ಹೋಗಬೇಡ. ಆಂಬುಲೆನ್ಸ್ ಇಲ್ಲದ, ಜನ ಟ್ರ್ಯಾಕಿನ ಅಂಚಿಗೇ ಬಂದು ನಿಲ್ಲುವ ಓಟ ನಿನಗೆ ಬೇಡ.

ಮೊದಲ ವರ್ಷ ಬೇಡ ಅಂದೆ, ಆದರೂ ಕೊಳ್ಳುವ ದಿನಕ್ಕೆ ಗೊತ್ತಿರಲಿ ಅಂತ ಈಗ ಕಾರಿನ ಮಾತು. ನಿನಗೆ ಎಸ್ಟೀಮ್ ಮೇಲೆ ಕಣ್ಣು. ಅದರ 1,298 ಸಿಸಿ ಎಂಜಿನ್ ಬಲು ಗಟ್ಟಿ, ಬಹಳ ರ‍್ಯಾಲಿಗಳನ್ನು ಕಂಡದ್ದು. ಆದರೆ 2007ರ ಹೊತ್ತಿಗೆ ಅದರ ತಯಾರಿಕೆ ನಿಂತಿತು, ಒಳ್ಳೆಯ ಬಾಡಿ ಸಿಗುವುದು ಕಷ್ಟ. ಮಾರುತಿ 800 ಸಿಕ್ಕರೆ ನಾನು ಅದಕ್ಕೇ ಓಟು ಹಾಕುತ್ತೇನೆ. 796 ಸಿಸಿ, ತೂಕ 650 ಕೆ.ಜಿ. ಆಸುಪಾಸು. ಹಗುರ ಕಾರಿಗೆ ಟೈರ್ ಸವೆಯುವುದು ಕಮ್ಮಿ, ಬ್ರೇಕ್ ಸವೆಯುವುದು ಕಮ್ಮಿ, ಮುರಿಯುವುದೂ ಕಮ್ಮಿ. ಬಿಡಿಭಾಗ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಸಿಗುತ್ತದೆ, ಅಲ್ಲಿ ಸಿಗದ್ದು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗುತ್ತದೆ. ಶಕ್ತಿ ಕಡಿಮೆ ಇರುವ ಕಾರಿನಲ್ಲಿ ವೇಗ ಕಳೆದುಕೊಂಡರೆ ಮತ್ತೆ ಗಳಿಸುವುದು ಕಷ್ಟ. ಅದಕ್ಕೇ ಅದು ತಿರುವಿನಲ್ಲಿ ವೇಗ ಉಳಿಸುವುದನ್ನು ಚೆನ್ನಾಗಿ ಕಲಿಸುತ್ತದೆ.

ಯಾವ ಕಾರೇ ಆಗಲಿ, ನಮ್ಮ ಮಳೆಯಲ್ಲಿ ಬದುಕಿದ್ದು ಅಂತ ಮರೆಯಬೇಡ. ಮೇಲೆ ಪೇಂಟ್ ಹೊಳೆಯುತ್ತದೆ, ಕೆಳಗೆ ತುಕ್ಕು ತಿಂದಿರುತ್ತದೆ. ಕಾರ್ಪೆಟ್ ಎತ್ತಿಸಿ ನೆಲದ ತಗಡು ಒತ್ತಿ ನೋಡಬೇಕು. ಮುಂದಿನ ಸಸ್ಪೆನ್ಷನ್ ಸ್ಟ್ರಟ್ ಬೋಲ್ಟ್ ಆಗುವ ಜಾಗ, ಲೋಯರ್ ಆರ್ಮ್ ಹಿಡಿದಿರುವ ಜಾಗ, ಸೀಟಿನ ಬುಡ, ಇಷ್ಟು ಗಟ್ಟಿ ಇರಬೇಕು. ಎಂಜಿನ್ ಹೊಗೆ ಬಿಟ್ಟರೆ ರಿಪೇರಿ ಮಾಡಬಹುದು, ಕೊಳೆತ ಬಾಡಿಗೆ ಮದ್ದಿಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ತೋರಿಸಿ ನವೀಕರಿಸಬೇಕು. ನೀನು ಕಳಿಸಿದ ಫೋಟೋದ ಕಾರಿಗೆ ಅದು ಆಗಿದೆಯಾ ಕೇಳು.

ಕಾರು ಬಂದ ಮೇಲೆ ಎಂಜಿನ್ ಮುಟ್ಟಬೇಡ. ಮೊದಲು ನಿಲ್ಲುವುದು ಸರಿ ಮಾಡು. ಹೊಸ ಪ್ಯಾಡ್, ಹೊಸ ಹೋಸ್, ಹೊಸ ಬ್ರೇಕ್ ಆಯಿಲ್. ಮಳೆಗಾಲದಲ್ಲಿ ಉಪ್ಪು ಡಬ್ಬಿಯೊಳಗೇ ನೀರೊಡೆಯುವ ಹಾಗೆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಹೀರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಕುದ್ದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಪ್ರತಿ ಓಟಕ್ಕೆ ಮುಂಚೆ ಬದಲಿಸು. ಇಷ್ಟು ಕಮ್ಮಿ ಖರ್ಚಿನಲ್ಲಿ ಇಷ್ಟು ಲಾಭ ಬೇರೆ ಯಾವುದರಲ್ಲೂ ಇಲ್ಲ. ಆಮೇಲೆ ಟೈರ್, ಆಮೇಲೆ ಶಾಕ್ ಅಬ್ಸಾರ್ಬರ್, ಎಂಜಿನ್ ಕೆಳಗೆ ಅದರ ಆಯಿಲ್ ಪಾತ್ರೆಯಾದ ಸಂಪ್ ಕಾಯಲು ದಪ್ಪ ಸಂಪ್ ಗಾರ್ಡ್. ನಮ್ಮ ಗೊಚ್ಚು ಮಣ್ಣಿನಲ್ಲಿ ಅದಿಲ್ಲದೆ ಇಳಿದರೆ ಸಂಪ್ ಒಡೆಯುವುದು ಗ್ಯಾರಂಟಿ.

ಮೈಮೇಲಿನ ಸಾಮಾನಿನಲ್ಲಿ ಒಂದು ರೂಪಾಯಿಯೂ ಉಳಿಸಬೇಡ. ಇದು ಮಾತ್ರ ನನ್ನ ಆಜ್ಞೆ ಅಂತ ತಿಳಿ. ಬೈಕ್ ಹೆಲ್ಮೆಟ್ ಬೇರೆ, ಕಾರ್ ರೇಸಿನ ಹೆಲ್ಮೆಟ್ ಬೇರೆ. ಕಾರ್ ರೇಸಿನ ಹೆಲ್ಮೆಟ್‌ಗೆ ಕೊಡುವ ಸ್ನೆಲ್ ಎಸ್‌ಎ ಮುದ್ರೆ ಇರುವುದನ್ನೇ ಕೊಳ್ಳು. ಅದರ ಒಳಪದರ ಬೆಂಕಿ ತಡೆಯುತ್ತದೆ, ರೋಲ್ ಕೇಜಿನ ಕಂಬಿಗೆ ಬಡಿದರೆ ತಾಳುವುದೇ ಅಂತಲೂ ಪರೀಕ್ಷಿಸಿರುತ್ತಾರೆ. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡ, ಒಳಗೆ ಬಿರುಕು ಬಿಟ್ಟಿದ್ದರೂ ಹೊರಗೆ ಕಾಣುವುದಿಲ್ಲ. ಮೇಲುಡುಪು ಬೆಂಕಿ ತಡೆಯುವಂಥದ್ದೇ ಆಗಿರಲಿ, ಒಳಗೆ ಹತ್ತಿಬಟ್ಟೆ ಹಾಕು. ನೈಲಾನ್, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಮೈಯನ್ನು ಸೀಟಿಗೆ ಬಿಗಿಯುವ ಹಾರ್ನೆಸ್ ಬೆಲ್ಟಿನ ಮೇಲೆ ಅವಧಿ ಮುಗಿಯುವ ವರ್ಷ ಇರುತ್ತದೆ, ಓದು. ಹಾನ್ಸ್ ಅಂತ ಕುತ್ತಿಗೆಗೆ ಹಾಕುವುದಿದೆ, ಡಿಕ್ಕಿಯಲ್ಲಿ ತಲೆ ಮುಂದಕ್ಕೆ ಚಿಮ್ಮದಂತೆ ಹಿಡಿಯುತ್ತದೆ. ಫಾರ್ಮುಲಾ ಒನ್‌ನಲ್ಲಿ 2003ರಿಂದ ಕಡ್ಡಾಯ. ನೀನು ರ‍್ಯಾಲಿ ಸ್ಟೇಜಿಗೆ ಇಳಿಯುವ ದಿನ ಅದು ನಿನ್ನ ಕುತ್ತಿಗೆಯಲ್ಲಿರಬೇಕು.

ರೋಲ್ ಕೇಜ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಉಳಿಸುವ ನೆಪದಲ್ಲಿ ಇಲ್ಲೇ ಮೋಸ ಆಗುವುದು. ಗೇಟು, ಗ್ರಿಲ್ ಮಾಡುವವರು ನೀರಿನ ಜಿಐ ಪೈಪಿನಲ್ಲಿ ಕೇಜ್ ಮಾಡಿಕೊಟ್ಟುಬಿಡುತ್ತಾರೆ. ನೋಡಲು ಒಂದೇ ಥರ. ಆದರೆ ಜಾಗತಿಕ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎಯ ನಿಯಮ ಕೇಳುವುದು ಜಾಯಿಂಟ್ ಇಲ್ಲದ, ಕೋಲ್ಡ್ ಡ್ರಾನ್, ಅಂದರೆ ಕಾಯಿಸದೆ ಎಳೆದು ಮಾಡಿದ, ಉಕ್ಕಿನ ಕೊಳವೆ. ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಅಥವಾ 50ಕ್ಕೆ 2. ನೀರಿನ ಪೈಪಿಗೆ ಉದ್ದಕ್ಕೂ ಬೆಸುಗೆ ಇರುತ್ತದೆ, ಮೇಲಿನ ಸತುವು ವೆಲ್ಡಿಂಗನ್ನೂ ಕೆಡಿಸುತ್ತದೆ. ಕಾರು ಉರುಳಿದರೆ ಅದು ಮಡಚಿ ನಿನ್ನ ಮೇಲೇ ಬರುತ್ತದೆ. ಅಂಥ ಕೇಜ್ ಇರುವುದಕ್ಕಿಂತ ಆ ಓಟಕ್ಕೆ ಹೋಗದಿರುವುದೇ ಮೇಲು. ಕೇಜ್ ಮಾಡಿಸಲು ದುಡ್ಡು ಸೇರುವ ತನಕ ಟಿಎಸ್‌ಡಿ ಓಡು, ಯಾರೂ ತಡೆಯುವುದಿಲ್ಲ.

ಆಗುಂಬೆ ಘಾಟಿಯ ಬಗ್ಗೆ ನೀನು ಏನೂ ಬರೆದಿಲ್ಲ, ಆದರೂ ಹೇಳುತ್ತೇನೆ. ರಾತ್ರಿ ಖಾಲಿ ಇರುತ್ತದೆ, 14 ತಿರುವು ಇದೆ, ಪ್ರಾಕ್ಟೀಸಿಗೆ ಚೆನ್ನ ಅಂತ ಶಿವಮೊಗ್ಗದ ಹುಡುಗರು ಕರೆಯುತ್ತಾರೆ. ಹೋಗಬೇಡ. ಆ ಮಂಜಿನಲ್ಲಿ ಎದುರಿಗೆ ಬರುವುದು ಉಡುಪಿಯಿಂದ ಆಸ್ಪತ್ರೆ ಮುಗಿಸಿ ಮರಳುವ ಯಾರದೋ ಮನೆಯವರ ಕಾರು. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನಾನು ಹೆದರುವುದು ಅದಕ್ಕಲ್ಲ, ಆ ಎದುರಿನ ಕಾರಿಗೆ. ಇನ್ನು ಮಾಮೂಲಿ ಇನ್ಶೂರೆನ್ಸ್ ಪಾಲಿಸಿ ರೇಸಿಗೆ ಅನ್ವಯಿಸುವುದಿಲ್ಲ, ಅದು ಘಾಟಿಯಲ್ಲಾದರೂ ಅಷ್ಟೇ, ಮೈದಾನದಲ್ಲಾದರೂ ಅಷ್ಟೇ.

ಅಭ್ಯಾಸಕ್ಕೆ ದನ ಮೇಯುವ ನಮ್ಮ ಬ್ಯಾಣ ಇದೆಯಲ್ವಾ. ಜನವರಿ ಹೊತ್ತಿಗೆ ನೆಲ ಒಣಗಿರುತ್ತದೆ. ಹಳೇ ಟೈರುಗಳನ್ನು ಎಂಟರ ಆಕಾರದಲ್ಲಿ ಇಟ್ಟುಕೊಡುತ್ತೇನೆ. ದನಗಳನ್ನು ಆ ದಿನ ಕಟ್ಟಿಸುತ್ತೇನೆ. ಎರಡನೇ ಗೇರಿನಲ್ಲೇ ದಿನವಿಡೀ ಸುತ್ತು, ಹ್ಯಾಂಡ್‌ಬ್ರೇಕ್ ಆಮೇಲೆ. ಸುತ್ತಿ ಸುತ್ತಿ ಟೈರ್ ಸವೆದರೂ ಪರವಾಗಿಲ್ಲ, ಅದಕ್ಕೆ ಖರ್ಚಾದ ದುಡ್ಡು ಸರಿಯಾದ ಕಡೆ ಹೋದ ದುಡ್ಡು.

ಮುಂದಿನ ಭಾನುವಾರ ನಾನೇ ಶಿವಮೊಗ್ಗಕ್ಕೆ ಬರುತ್ತೇನೆ. ಕೊಳ್ಳುವುದು ಆಮೇಲಿನ ಮಾತು, ಹಳೇ ಕಾರು ನೋಡುವುದು ಹೇಗೆ ಅಂತ ತೋರಿಸುತ್ತೇನೆ. ಎಸ್ಟೀಮ್ ಮಾರುವವರಿಗೆ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ತಣ್ಣಗಿರುವಾಗಲೇ ನೋಡಬೇಕು ಅಂತ ಹೇಳಿಡು. ಟಾರ್ಚು, ಜಾಕ್ ನಾನು ತರುತ್ತೇನೆ. ನೀನು ಒಂದು ಹಾಳೆಯಲ್ಲಿ ಐದು ಓಟದ ಖರ್ಚು ಬರೆದಿಟ್ಟಿರು, ಎಂಟ್ರಿ ಫೀಸಿನಿಂದ ಹಿಡಿದು ಲಾಡ್ಜಿನವರೆಗೆ. ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ, ಆದರೆ ಆ ಹಾಳೆಯನ್ನು ಅವಳಿಗೆ ನೀನೇ ತೋರಿಸಬೇಕು.

ನಿನ್ನ ಮಾವ