ಭಾನುವಾರದ ಸಿಯೆರಾ ಅಜುಲ್ ರೈಡ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಕ್ಯಾಲಿಫೋರ್ನಿಯಾದ ಸಿಯೆರಾ ಅಜುಲ್ ಬೆಟ್ಟಗಳಲ್ಲಿ ಮೌಂಟನ್ ಬೈಕ್ (ಸೈಕಲ್) ರೈಡ್. ಬೆಳಿಗ್ಗೆ 7ಕ್ಕೆ ಲಾಸ್ ಗ್ಯಾಟೋಸ್ ಊರಿನ ಕೆನಡಿ ಟ್ರೇಲ್ ಗೇಟಿನ ಹತ್ತಿರ ಸೇರೋಣ. ಪಾರ್ಕಿಂಗ್ ಜಾಗ ತೀರಾ ಕಡಿಮೆ, ಒಂದೇ ಕಾರಲ್ಲಿ ಇಬ್ಬರು ಮೂವರು ಬನ್ನಿ.

ಫೈರ್ ರೋಡ್‌ನಲ್ಲಿ (ಅಗ್ನಿಶಾಮಕ ವಾಹನಗಳಿಗಾಗಿ ಮಾಡಿದ ಅಗಲವಾದ ಮಣ್ಣಿನ ದಾರಿ) ಸುಮಾರು 2000 ಅಡಿ ಏರಬೇಕು. ನಡುವೆ ಸ್ವಲ್ಪ ಇಳಿಜಾರು ಸಿಗುತ್ತದೆ, ಖುಷಿಪಡಬೇಡಿ, ಮುಂದೆ ಇನ್ನೂ ಕಡಿದಾದ ಏರು ಇದೆ! ನೆರಳು ಕಡಿಮೆ, ಕುಡಿಯುವ ನೀರು ಸಿಗುವುದಿಲ್ಲ. ತಲಾ ಎರಡು ಲೀಟರ್ ಇರಲಿ.

ಮೇಲೆ ಪ್ರೀಸ್ಟ್ ರಾಕ್ ಟ್ರೇಲ್ ಹಿಡಿದು, ಲೈಮ್‌ಕಿಲ್ನ್ ಟ್ರೇಲ್ ಮೂಲಕ ಲೆಕ್ಸಿಂಗ್ಟನ್ ಜಲಾಶಯದ ಕಡೆ ಇಳಿದು, ಕ್ರೀಕ್ ಟ್ರೇಲ್‌ನಲ್ಲಿ ಊರಿಗೆ ವಾಪಸ್. ಲೈಮ್‌ಕಿಲ್ನ್‌ನಲ್ಲಿ ಸಡಿಲ ಕಲ್ಲು ಜಾಸ್ತಿ. ಟಯರ್ ಗಾಳಿ ಒಂಚೂರು ಇಳಿಸಿಕೊಳ್ಳಿ, ಮುಂದಿನ ಬ್ರೇಕನ್ನು ಗಬಕ್ಕಂತ ಹಿಡಿಯಬೇಡಿ. ವೇಗದ ಮಿತಿ ಗಂಟೆಗೆ 15 ಮೈಲಿ, ನಡೆಯುವವರನ್ನು ದಾಟುವಾಗ 5. ಹೆಲ್ಮೆಟ್ ಕಡ್ಡಾಯ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಮಳೆ ಬಂದರೆ ರದ್ದು.